ಬಿದ್ದದ್ದು ಒಂದೇ ಸಲ

ದಾವಣಗೆರೆಯ ಜಯದೇವ ಸರ್ಕಲ್ಲಿನಲ್ಲಿ ಹೊಸ ಸ್ಕೂಟರ್ ಸಮೇತ ಬಿದ್ದೆ. ಅದೂ ಸಂಜೆ, ಜನ ಮಂಡಕ್ಕಿ ಪೊಟ್ಟಣ ಹಿಡಿದು ಮಿರ್ಚಿ ಬಾಣಲೆ ಸುತ್ತ ನಿಂತಿರುವ ಹೊತ್ತಿನಲ್ಲಿ. ಮೊಣಕೈ ತರಚಿತು, ಅಷ್ಟೇ. ಆದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅವ್ವನಿಗೆ ಮುಟ್ಟಿತ್ತು, ಎರಡು ದಿನದಲ್ಲಿ ಅದಕ್ಕೊಂದು ಲಾರಿಯೂ ಸೇರಿಕೊಂಡಿತ್ತು. ಗಾಡಿಯಿಂದ ಬಿದ್ದದ್ದು ಒಂದೇ ಸಲ, ಊರ ಬಾಯಿಗೆ ಬಿದ್ದದ್ದು ಹದಿನೈದು ದಿನ.

ಯೋಚಿಸಿ ನೋಡಿ, ಜನರ ನಡುವೆ ನಮ್ಮದು ಬರೀ ಬೀಳುವುದೇ. ಕಣ್ಣಿಗೆ ಬೀಳುತ್ತೇವೆ, ಮಾತು ಕಿವಿಗೆ ಬೀಳುತ್ತದೆ, ಆಮೇಲೆ ಬಾಯಿಗೆ ಬೀಳುತ್ತೇವೆ. ಕಣ್ಣಿಗೆ ಬೀಳುವುದರಲ್ಲಿ ತಂಟೆಯಿಲ್ಲ. ಮದುವೆ ಮನೆಯಲ್ಲಿ ಯಾರಾದರೂ "ಏನ್ರೀ, ಇತ್ತೀಚೆಗೆ ಕಣ್ಣಿಗೇ ಬೀಳಲ್ವಲ್ಲ?" ಅಂದರೆ ಅದು ಪ್ರೀತಿಯ ದೂರು. ಬಾಯಿಗೆ ಬೀಳುವುದು ಹಾಗಲ್ಲ. ರ‍್ಯಾಂಕ್ ಬಂದು ಊರ ಬಾಯಿಗೆ ಬಿದ್ದಳು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಒಳ್ಳೆಯದಾದರೆ ಹೆಸರು ಬರುತ್ತದೆ, ಮನೆಮಾತಾಗುತ್ತಾರೆ. ಎಡವಟ್ಟಾದರೆ ಮಾತ್ರ ಬಾಯಿಗೆ ಬೀಳಬೇಕು.

ಕಣ್ಣಿಗೆ ಬಿದ್ದವರೆಲ್ಲ ಉಳಿದರು ಅಂತಲೂ ಅಲ್ಲ ಅನ್ನಿ. ಇಲ್ಲಿಂದ ಸುಮಾರು 60 ಕಿಲೋಮೀಟರ್ ಆಚೆ, ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳುತ್ತಿದ್ದರು. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದ ಓಬವ್ವನ ಕಣ್ಣಿಗೆ ಬಿದ್ದರು. ಮುಂದಿನದನ್ನು ಒನಕೆ ನೋಡಿಕೊಂಡಿತು.

ಇನ್ನು ಆ 'ಗೆ' ಒಂದನ್ನು ತೆಗೆದುಬಿಡಿ, ಕಥೆಯೇ ಬೇರೆ. ಕಣ್ಣಿಗೆ ಬಿದ್ದರೆ ಬೀಳುವವರು ನಾವು, ಕಣ್ಣು ಬಿತ್ತು ಅಂದರೆ ಬೀಳುವುದು ಅವರ ಕಣ್ಣು, ಅದೂ ನಮ್ಮ ಮೇಲೆ. ಅದಕ್ಕೇ ಕಟ್ಟುತ್ತಿರುವ ಮನೆಗಳ ಮುಂದೆ ಬೂದುಗುಂಬಳಕಾಯಿ, ದೃಷ್ಟಿ ಗೊಂಬೆ. ಅವ್ವನ ತೀರ್ಪೂ ಅದೇ: "ಹೊಸ ಗಾಡಿ, ಯಾರ ಕಣ್ಣು ಬಿತ್ತೋ." ಮಗನಿಗೆ ಗಾಡಿ ಓಡಿಸಲು ಬರುವುದಿಲ್ಲ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ, ನಾನೂ ಸುಮ್ನೆ ಇದ್ದೆ. ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೂ ಸ್ಕೂಟರಿಗೂ ನಿವಾಳಿಸಿ ಬಚ್ಚಲೊಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಅಂತ ಲೆಕ್ಕ.

"ನೋಡು, ಒಂಚೂರೂ ಘಾಟಿಲ್ಲ" ಅಂದಳು, ಗೆದ್ದವಳ ಹಾಗೆ. ನಿಜವೇ, ನನಗೂ ಬರಲಿಲ್ಲ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಆಂಟಿ ಮಾತ್ರ ಕೆಮ್ಮುತ್ತಲೇ ಇದ್ದರು.