ಲಂಡನ್ ಸಾಹೇಬ್ರು ರಾತ್ರೋರಾತ್ರಿ ಲೋಕಲ್ ಆಗಿದ್ದು

1997ರ ಜುಲೈ 1ಕ್ಕೆ ಬ್ರಿಟಿಷರು ಆಳ್ತಿದ್ದ ಹಾಂಗ್‌ಕಾಂಗ್ ಚೀನಾ ಕೈಗೆ ಹೋಯ್ತಲ್ಲ, ಎಲ್ರಿಗೂ ನೆನಪಿರೋದು ಆ ಮಳೆ, ಬಾವುಟ ಇಳಿಸಿದ್ದು, ಪ್ರಿನ್ಸ್ ಚಾರ್ಲ್ಸು. ಅದಕ್ಕೆ ನಾಕು ವರ್ಷ ಮುಂಚಿಂದ ಅಲ್ಲಿನ ಸರ್ಕಾರಿ ಆಫೀಸುಗಳಲ್ಲಿ ನಡೀತಿದ್ದ ಕಾಮಿಡಿನ ಮಾತ್ರ ಯಾರೂ ಟೀವೀಲಿ ತೋರಿಸ್ಲಿಲ್ಲ.

ಅಲ್ಲಿ ನೌಕರರಲ್ಲಿ ಎರಡು ಜಾತಿ, ಓವರ್‌ಸೀಸ್ ಟರ್ಮ್ಸ್‌ನವ್ರು, ಲೋಕಲ್ ಟರ್ಮ್ಸ್‌ನವ್ರು. ಓವರ್‌ಸೀಸ್ ಅಂದ್ರೆ ಕ್ವಾರ್ಟರ್ಸು, ರಜಕ್ಕೆ ಊರಿಗೆ ಹೋಗಿಬರೋ ಟಿಕೆಟ್ಟು, ಮಕ್ಕಳು ಇಂಗ್ಲೆಂಡಲ್ಲಿ ಓದೋಕೆ ಅಲವೆನ್ಸು, ಕಾಂಟ್ರ್ಯಾಕ್ಟ್ ಮುಗಿದ್ರೆ ಗ್ರಾಚ್ಯುಟಿ, ಯಾಕಂದ್ರೆ ಪಾಪ ಮನೆಮಠ ಬಿಟ್ಟು ಬಂದಿದಾರೆ. ಪಕ್ಕದ ಟೇಬಲ್ಲಿನ ಚೀನೀ ಆಫೀಸರ್ ಮಾಡಿದ್ದ ತಪ್ಪು ಒಂದೇ, ಅದೇ ಊರಲ್ಲಿ ಹುಟ್ಟಿದ್ದು. 90 ಪರ್ಸೆಂಟ್‌ಗಿಂತ ಜಾಸ್ತಿ ಚೀನೀಯರೇ ಇರೋ ಊರಲ್ಲಿ 1974ರವರೆಗೆ ಅಧಿಕೃತ ಭಾಷೆ ಬರೀ ಇಂಗ್ಲಿಷು, ಹೆಂಗಿದೆ ನೋಡಿ!

ಆಮೇಲೆ ಊರು ಬಿಡೋ ದಿನ ಹತ್ರ ಬಂತು. ದೊಡ್ಡ ಕುರ್ಚಿಗಳಿಗೆಲ್ಲ ಲೋಕಲ್‌ನವ್ರನ್ನ ತನ್ನಿ ಅಂತ ಗಡಿಬಿಡಿ ಶುರುವಾಯ್ತು, 1993ರಲ್ಲಿ ಆನ್ಸನ್ ಚಾನ್ ಮೊದಲ ಚೀನೀ ಚೀಫ್ ಸೆಕ್ರೆಟರಿ ಆದ್ರು (ನೂರೈವತ್ತು ವರ್ಷ ಆಳಿದ್ಮೇಲೆ ಜ್ಞಾನೋದಯ). ತಗೊಳಪ್ಪ, ಸಾಹೇಬ್ರುಗಳು ಶುರು ಹಚ್ಕೊಂಡ್ರು, ನಾವೂ ಇಲ್ಲಿ ಪರ್ಮನೆಂಟ್ ರೆಸಿಡೆಂಟ್ಸು, ನಮ್ಮನ್ನೂ ಲೋಕಲ್ ಟರ್ಮ್ಸ್‌ಗೆ ಹಾಕಿ ಅಂತ. ಇಷ್ಟು ದಿನ ಬೀಗರ ಪಂಕ್ತೀಲಿ ಕೂತು ಹೋಳಿಗೆ ಮೇಲೆ ಎರಡೆರಡು ಸಲ ತುಪ್ಪ ಹಾಕಿಸ್ಕೊಂಡವ್ರು, ಆ ಪಂಕ್ತಿ ಎತ್ತುತೀವಿ ಅಂದ ತಕ್ಷಣ ಅಯ್ಯೋ ನಾವು ಮನೆಯವ್ರೇ ಕಣ್ರೀ ಅಂದಂಗೆ. ಸರ್ಕಾರ ಆಯ್ತು ಅಂತು, ಲೋಕಲ್ ನೌಕರರು ನಮ್ಮ ಪ್ರಮೋಷನ್ ಕಥೆ ಏನು ಅಂತ ರೊಚ್ಚಿಗೆದ್ರು, ಸರ್ಕಾರ ಸಾಹೇಬ್ರನ್ನ ಲೋಕಲ್ ಮಾಡೋದನ್ನ ಫ್ರೀಜ್ ಮಾಡ್ತು. ಸಾಹೇಬ್ರ ವಿದೇಶಿ ನೌಕರರ ಸಂಘದವ್ರು 1991ರ ಹಕ್ಕುಗಳ ಕಾಯ್ದೆ ಹಿಡ್ಕೊಂಡು ಕೋರ್ಟಿಗೆ ಹೋದ್ರು, ತಾರತಮ್ಯ ಆಗ್ತಿದೆ ಅಂತ! ತಾರತಮ್ಯ ಅನ್ನೋದು ಅವತ್ತೇ ಕಣ್ಣಿಗೆ ಬಿತ್ತು ಅನ್ಸುತ್ತೆ.

ಇನ್ನೊಂದ್ಕಡೆ ಲಂಡನ್ ಏನ್ ಮಾಡ್ತು ಗೊತ್ತಾ, ಲೋಕಲ್‌ನವ್ರು ಹೆದರಿ ಕೆನಡಾ ಗಿನಡಾ ಅಂತ ಓಡಿಹೋಗಬಾರ್ದು ಅಂತ 1990ರಲ್ಲಿ ಕಾನೂನು ತಂದು 50,000 ಕುಟುಂಬಕ್ಕೆ ಬ್ರಿಟಿಷ್ ಪಾಸ್‌ಪೋರ್ಟ್ ಅಂತು. ಊರಲ್ಲೇ ಇರ್ಲಿ ಅಂತ ಊರು ಬಿಡೋ ಪಾಸ್‌ಪೋರ್ಟು! ಅದರಲ್ಲಿ ಸರ್ಕಾರಿ ಆಫೀಸರ್‌ಗಳೂ ಇದ್ರು. ಚೀನಾ ನಾವಿದನ್ನ ಒಪ್ಪಲ್ಲ ಅಂತು. ಬೇಸಿಕ್ ಲಾ (ಕೈ ಬದಲಾದ್ಮೇಲೆ ಆ ಊರಿಗೆ ಅಂತ ಚೀನಾ ಬರೆದಿಟ್ಟ ಸಂವಿಧಾನದಂಥ ಕಾನೂನು) 101ನೇ ವಿಧಿ ಬೇರೆ, ಪೊಲೀಸ್ ಕಮಿಷನರ್, ಇಮಿಗ್ರೇಷನ್ ಡೈರೆಕ್ಟರ್ ಥರ ಮೇಲಿನ ಹುದ್ದೆಗೆ ಬೇರೆ ದೇಶದಲ್ಲಿ ನೆಲೆಸೋ ಹಕ್ಕೇ ಇರಬಾರ್ದು ಅನ್ನುತ್ತೆ. ಅಂದ್ರೆ ಬಿಳಿಯ ಲೋಕಲ್ ಅಂತ ದಾಖಲೆ ತೋರಿಸ್ತಾ ನಿಂತಿದಾನೆ, ಲೋಕಲ್ ತನ್ನ ಬ್ರಿಟಿಷ್ ಪಾಸ್‌ಪೋರ್ಟನ್ನ ಬೀರು ಒಳಗೆ ಸೀರೆ ಕೆಳಗೆ ಬಚ್ಚಿಡ್ತಿದಾನೆ.

ಅದೇ 101ನೇ ವಿಧೀಲಿ ಇನ್ನೊಂದಿದೆ, ಬ್ರಿಟಿಷ್‌ನವ್ರನ್ನ ಅಡ್ವೈಸರ್ ಆಗಿ ಇಟ್ಕೋಬಹುದಂತೆ. ಕುರ್ಚಿ ಇಲ್ಲ, ಪಕ್ಕದಲ್ಲೊಂದು ಸ್ಟೂಲ್ ಹಾಕ್ತೀವಿ ಬನ್ನಿ ಅಂತ.

ಬಾವುಟ ಬದಲಾಯ್ತು, ಗಲಾಟೆ ನಿಲ್ಲುತ್ತೆ ಅನ್ಕೊಂಡ್ರಾ? ಹೊಸ ಚೀಫ್ ಎಕ್ಸಿಕ್ಯುಟಿವ್ (ಅಂದ್ರೆ ಅಲ್ಲಿನ ಸರ್ಕಾರದ ಮುಖ್ಯಸ್ಥರು) ನೌಕರರ ನಿಯಮಗಳಿಗೆ ಹೊಸ ಆದೇಶ ಹೊರಡಿಸಿದ್ರು, 1998ರಲ್ಲಿ ಅದೂ ಕೋರ್ಟ್ ಮೆಟ್ಟಿಲೇರ್ತು. ಕೇಸು ಹಾಕಿದ್ದು ಅದೇ ವಿದೇಶಿ ನೌಕರರ ಸಂಘ. ಈ ಸಲ ಅವರ ಕೈಲಿದ್ದ ಪುಸ್ತಕ ಬೀಜಿಂಗ್ ಬರೆದ ಬೇಸಿಕ್ ಲಾ.