ಸೇಮ್ ಕಂಪನಿ ಸರ್

ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಬಲಗೈ ಬೆರಳಿನ ಗೆಣ್ಣುಗಳಿಗೆ ಬ್ಯಾಂಡ್‌ಏಡ್ ಬಿದ್ದಿದೆ.

ಭಾನುವಾರ ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕತೊಡಗಿತು. ವಾಷರ್ ಹಾಕಿದರೆ ಮುಗಿಯುವ ಕೆಲಸ ಅಲ್ವಾ? ಸ್ಕ್ರೂ ತಿರುಗಿಸಿ ಬಾಯಿ ಹಿಗ್ಗಿಸಿ ಕುಗ್ಗಿಸುವ ಹೊಸ ಸ್ಪ್ಯಾನರನ್ನು ನಟ್ಟಿಗೆ ಕೊಟ್ಟು ಜಗ್ಗಿದೆ. ಅದು ತಾನಾಗಿಯೇ ಬಾಯಿ ಬಿಟ್ಟಿತು. ನಟ್ಟಿನ ಮೂಲೆಗಳು ಸವೆದು ಗುಂಡಗಾದವು. ನನ್ನ ಕೈ ಹೋಗಿ ಟೈಲ್ಸಿಗೆ ಬಡಿಯಿತು.

ದೊಡ್ಡ ಕಂಪನಿಯ ಸ್ಪ್ಯಾನರ್ ಸ್ವಾಮಿ ಇದು! ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದದ್ದು. ಅಂಗಡಿಯಾತ ಎರಡು ತೋರಿಸಿದ. ಒಂದಕ್ಕೆ 900, ಇನ್ನೊಂದಕ್ಕೆ 350.

"ಇದ್ಯಾಕೆ ಇಷ್ಟು ಕಮ್ಮಿ?"

"ಸೇಮ್ ಕಂಪನಿ ಸರ್."

"ಹಗುರ ಇದೆಯಲ್ಲ?"

"ಸೇಮ್ ಕಂಪನಿ ಸರ್, ಕೈ ನೋಯಲ್ಲ."

"ಬಾಯಿ ಅಲ್ಲಾಡ್ತಿದೆ."

"ಸೇಮ್ ಕಂಪನಿ ಸರ್, ಬಳಸ್ತಾ ಬಳಸ್ತಾ ಸೆಟ್ ಆಗುತ್ತೆ."

ಬಿಲ್ ಕೇಳಿದ್ದಕ್ಕೂ ಅದೇ ಉತ್ತರ. ಈತ ಮದುವೆ ದಲ್ಲಾಳಿ ಆಗಲಿಲ್ಲ, ಪುಣ್ಯ. ಅಣ್ಣನ ಫೋಟೋ ತೋರಿಸಿ, ತಮ್ಮನನ್ನು ಹಸೆಮಣೆ ಮೇಲೆ ಕೂರಿಸಿ, "ಸೇಮ್ ಮನೆತನ ಸರ್" ಅಂದುಬಿಡುತ್ತಿದ್ದ.

ಅಮೆರಿಕದ ಸ್ಪ್ಯಾನರ್ ಕಂಪನಿ ಸ್ನ್ಯಾಪ್-ಆನ್‌ನವರು ಕಡಿಮೆ ಬೆಲೆಯ ಸಾಮಾನಿಗೆ ಬ್ಲೂ-ಪಾಯಿಂಟ್ ಅಂತ ಬೇರೆ ಹೆಸರೇ ಇಟ್ಟಿದ್ದಾರೆ. ಕೊಳ್ಳುವವನಿಗೆ ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನನ್ನದರ ಮೇಲೆ ಅದೇ ಹೆಸರು, ಅದೇ ಅಕ್ಷರ. ಹಿಡಿಗೆ ಹಳದಿ ರಬ್ಬರ್ ತೊಡಿಸಿದ್ದಾರೆ, ಅಷ್ಟೇ. ನಾನು ಆ ರಬ್ಬರನ್ನು ಸೌಲಭ್ಯ ಅಂದುಕೊಂಡಿದ್ದೆ!

ಅಪ್ಪನ ಹತ್ತಿರ ಒಂದು ಟಪಾರಿಯಾ ಕಂಪನಿಯ ಸ್ಪ್ಯಾನರ್ ಇತ್ತು. ಆ ಕಂಪನಿ ಸ್ವೀಡನ್ನಿನ ಬಾಕೋ ಕಂಪನಿಯ ಸಹಯೋಗದಲ್ಲಿ 1969ರಲ್ಲಿ ಸಲಕರಣೆ ತಯಾರಿಸಲು ಶುರು ಮಾಡಿತು. ಸ್ವೀಡನ್ನಿನ ಯೋಹಾನ್ಸನ್ 1892ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಸ್ಪ್ಯಾನರನ್ನು ಲೋಕಕ್ಕೆಲ್ಲ ಮಾರಿದ್ದು ಇದೇ ಬಾಕೋ. ಅಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಎರಡು ತೊಟ್ಟು ಮೆಷಿನ್ ಎಣ್ಣೆ ಬಿಟ್ಟು, ಹಳೆ ಬನಿಯನ್ನಿನಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ ಇಡೋರು. ನಾನು ಮುಟ್ಟಿದರೆ, "ಕಾಲ ಮೇಲೆ ಹಾಕ್ಕೋತೀಯ, ಇಡು" ಅನ್ನೋರು. ಮನೆ ಬದಲಿಸುವಾಗ ಆ ಡಬ್ಬ ಗುಜರಿಗೆ ಹೋಯಿತು. ಕಳಿಸಿದ್ದು ನಾನೇ. ಸುಮ್ನೆ ತೂಕ ಜಾಸ್ತಿ ಅಂತ.

ಕೊನೆಗೆ ಪ್ಲಂಬರ್ ಬಂದ. ಗುಂಡಗಾದ ನಟ್ಟು ನೋಡಿದ, ನನ್ನ ಸ್ಪ್ಯಾನರ್ ನೋಡಿದ, ಏನೂ ಅನ್ನಲಿಲ್ಲ. ಪೈಪ್ ರಿಂಚು ಹಾಕಿ ನಲ್ಲಿಯನ್ನೇ ಕಿತ್ತು, ಹೊಸದು ಕೂರಿಸಿದ. ಗೋಡೆಯಲ್ಲಿದ್ದ ಉಳಿದ ನಲ್ಲಿಗಳ ಹೆಸರೇ ಇದರ ಮೇಲೂ ಇತ್ತು. ಆದರೆ ಎತ್ತಿ ನೋಡಿದಾಗ ಪ್ಲಾಸ್ಟಿಕ್ ಲೋಟದಷ್ಟು ಹಗುರ.

"ಏನಪ್ಪಾ, ಇದು ಬಾಳಿಕೆ ಬರುತ್ತಾ?" ಅಂದೆ.

"ಸೇಮ್ ಕಂಪನಿ ಸರ್" ಅಂದ.