ಹಾನಗಲ್ಲಿನ ಬಾಗಿಲಿಗೆ ಬೋರ್ನಿಯೋ ಕಟ್ಟಿಗೆ

ಹೋದ ಸಲ ಊರಿಗೆ ಬಂದಾಗ ಹಾನಗಲ್ಲಿನ ಮನೆಗೆ ಕಾಕಾ ಹೊಸ ಬಾಗಿಲು ಹಾಕಿಸುತ್ತಿದ್ದರು. ಕಟ್ಟಿಗೆ ಹುಬ್ಬಳ್ಳಿಯಿಂದ ಬಂದಿತ್ತು. ಯಾವುದು ಅಂತ ಕೇಳಿದೆ. "ಮಲೇಷಿಯನ್ ಸಾಲ್. ನಿಮ್ಮ ಕಡೇದ ಐತಿ ತಮ್ಮಾ" ಅಂತ ನಕ್ಕರು. ನಾನಿರುವುದು ಬೋರ್ನಿಯೋ ದ್ವೀಪದಲ್ಲಿರುವ ಮಲೇಷಿಯಾದ ಸಬಾ ರಾಜ್ಯದಲ್ಲಿ. ಅಲ್ಲಿಯ ಕಾಡಿನ ಗತಿ ಹೇಳಿದೆ. "ನಾಕ ಗಿಡ ಆರಿಸಿ ಕಡದ್ರ ಅಡವಿ ಮುಗೀತೈತೇನು? ಬೊಡ್ಡಿ ಚಿಗೀತೈತಿ" ಅಂದರು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು, ಗೊತ್ತಲ್ವಾ.

ತೇಗದ ಮಟ್ಟಿಗೆ ಕಾಕಾನ ಮಾತು ನಿಜ. ಕಲಘಟಗಿ ಕಡೆಯ ಕಾಡಲ್ಲಿ ತೇಗ ಕಡಿದರೆ ಬೊಡ್ಡೆಯೇ ಚಿಗುರುತ್ತದೆ. ಬೇಸಿಗೆಯಲ್ಲಿ ಆ ಕಾಡು ಹೇಗೂ ಬೋಳು, ಬಿಸಿಲು ಅದಕ್ಕೆ ಹೊಸದಲ್ಲ. ಸಬಾದ ಮಳೆಕಾಡು ಬೇರೆ. ಅಲ್ಲಿಯ ದೊಡ್ಡ ಮರಗಳು ಸಾಲ್ ಮರದ ನೆಂಟರು. ಕೆಲವು ವರ್ಷಕ್ಕೊಮ್ಮೆ ಒಟ್ಟಿಗೆ ಕಾಯಿ ಬಿಡುತ್ತವೆ. ಬೀಜ ಮಣ್ಣಲ್ಲಿ ಕಾಯುತ್ತಾ ಕೂರುವುದಿಲ್ಲ, ಬಿದ್ದ ಕೆಲ ದಿನದಲ್ಲೇ ಮೊಳೆಯುತ್ತದೆ. ಕಾಯುವುದು ಸಸಿ. ನೆರಳಲ್ಲಿ ಮೊಳಕಾಲೆತ್ತರ ನಿಂತು, ಬೆಳಕಿಗಾಗಿ ವರ್ಷಗಟ್ಟಲೆ ಕಾಯುತ್ತದೆ.

ನಮ್ಮ ಹಳೇ ಮಣ್ಣಿನ ಮಾಳಿಗೆ ಮನೆಗೆ ಬೆಳಕಿಂಡಿ ಇರುತ್ತಲ್ಲ, ಮುದಿ ಮರ ತಾನಾಗಿ ಬಿದ್ದರೆ ಕಾಡಿನ ಚಪ್ಪರದಲ್ಲಿ ಅಂಥದ್ದೊಂದು ಕಿಂಡಿ ಬೀಳುತ್ತದೆ. ಸಸಿಗೆ ಅದು ಬೇಕೇ ಬೇಕು. ಆದರೆ ಮರದಿಂದ ಮರಕ್ಕೆ ತೊಡೆ ದಪ್ಪದ ಬಳ್ಳಿ ಹಬ್ಬಿರುತ್ತದೆ. ಒಂದು ಮರ ಕಡಿದರೆ ಅಕ್ಕಪಕ್ಕದವನ್ನೂ ಎಳೆದುಕೊಂಡೇ ಬೀಳುತ್ತದೆ. ದಿಮ್ಮಿ ಎಳೆಯುವ ಬುಲ್ಡೋಜರ್ ಸಸಿಗಳನ್ನು ಅರೆದು ಮಣ್ಣನ್ನು ಗಟ್ಟಿ ಮಾಡಿ ಹೋಗುತ್ತದೆ. ಕಿಂಡಿ ಅಲ್ಲ, ಮಾಳಿಗೆಯೇ ಕುಸಿದ ಹಾಗೆ. ಆಮೇಲೆ ಅಲ್ಲಿ ಏಳುವುದು ಬಳ್ಳಿ ಮತ್ತು ಕೊಡೆಯಗಲ ಎಲೆಯ ಮಕರಂಗ ಅನ್ನುವ ಮರ. ರಸ್ತೆಯಿಂದ ನೋಡಿದರೆ ಹಚ್ಚಹಸಿರು. ನಾನೂ ಮೊದಲೆರಡು ವರ್ಷ ಅದನ್ನೇ ಕಾಡು ಅಂದುಕೊಂಡಿದ್ದೆ.

ಸಬಾದಲ್ಲಿ 1980ರ ದಶಕದಲ್ಲಿ ಮರ ಕಡಿದ ಒಂದು ಕಾಡಿನ ಲೆಕ್ಕ 2020ರಲ್ಲಿ ಬಂತು. ಸುಮ್ನೆ ಬಿಟ್ಟ ಕಡೆ ವರ್ಷಕ್ಕೆ ಹೆಕ್ಟೇರಿಗೆ ಮರಗಳಲ್ಲಿ 2.9 ಟನ್ ಇಂಗಾಲ ಸೇರಿದರೆ, ಬಳ್ಳಿ ಕಡಿದು ಸಸಿ ನೆಟ್ಟ ಕಡೆ 4.4 ಟನ್. ಇಷ್ಟು ಆರೈಕೆ ಮಾಡಿದರೂ ಮೊದಲಿನಷ್ಟು ಇಂಗಾಲ ತುಂಬಲು ಸುಮಾರು 40 ವರ್ಷ. ಅದೂ ಇಂಗಾಲ ಮಾತ್ರ, ಚಪ್ಪರ ಅಲ್ಲ.

ಅಲ್ಲೂ ಎಲ್ಲರೂ ಹಾಗೆ ಕಡಿಯುವುದಿಲ್ಲ. ಕಾಡನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ 1997ರಲ್ಲೇ ಪ್ರಮಾಣಪತ್ರ ಪಡೆದ ಸಬಾದ ಡೆರಮಕೋಟ್ ಕಾಡಿನಲ್ಲಿ ಕಡಿಯುವ ಮರವನ್ನು ಮೊದಲೇ ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಯಾವ ಕಡೆ ಬೀಳಿಸಬೇಕು ಅನ್ನುವುದೂ ಮೊದಲೇ ತೀರ್ಮಾನ. ಕಡಿಯುವುದೇ ಆದರೆ ಹೀಗೆ ಕಡಿಯಬೇಕು ಅನ್ನುವವನು ನಾನು. ನಮ್ಮವರದು ಬೇರೆ ದಾರಿ. ಇದೇ 'ಆರಿಸಿ ಕಡಿಯುವ' ಪದ್ಧತಿ ವಿರುದ್ಧ 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರ ಅಪ್ಪಿಕೊಂಡರು. ಮುಂದೆ ಘಟ್ಟದಲ್ಲಿ ಹಸಿ ಮರ ಕಡಿಯುವುದು ಬಹುಮಟ್ಟಿಗೆ ನಿಂತಿತು. ನನಗದು ಹೆಮ್ಮೆ. ಆದರೆ ನಮ್ಮದನ್ನು ಅಪ್ಪಿಕೊಂಡು ಪರರದ್ದನ್ನು ಹೊಸ್ತಿಲಿಗೆ ಹಾಕಿಕೊಂಡರೆ ಹೇಗೆ?

"ಹೊಲದ ಬದುವಿನ ಬೇವು ಆಗ್ತಿತ್ತಲ್ಲ ಕಾಕಾ" ಅಂದೆ. ಕಾಕಾ ಏನೂ ಅನ್ನಲಿಲ್ಲ. ಬಡಿಗೇರ ಉಜ್ಜುಗೊರಡು ನಿಲ್ಲಿಸದೆ, "ಚೌಕಟ್ಟಿಗೆ ಮುದಿ ಬೇವು ಬೇಕ್ರಿ. ಈಗ ಎಲ್ಲೈತಿ?" ಅಂದ.